ಸಾರಾಯಿ ಹೋಯಿತು, ಕುಡಿತ ಹೋಯಿತೇ?

ಕೂಡ್ಲಿಗಿಯಲ್ಲಿ, ಪಾನನಿಷೇಧ ಬೇಕೆಂದ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಪಾನನಿಷೇಧದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವರು ಮೊದಲು ಈ ಸೀಮೆಗೆ ಬರಬೇಕು.

ಯಾಕೆ ಗೊತ್ತಾ? ಬ್ರಿಟಿಷರ ಕಾಲದಲ್ಲಿ ಇದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದ ರಾಜಾಜಿ 1937ರಲ್ಲಿ ಸೇಲಂನಿಂದ ಶುರು ಮಾಡಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಹಡಗಲಿ, ಹರಪನಹಳ್ಳಿಯಲ್ಲೂ ಹೆಂಡ ಇಳಿಸಿದರೆ ಅಪರಾಧ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, 1967ರಲ್ಲಿ ನಿಷೇಧ ತೆರವಾಯಿತು.

ಮತ್ತೆ 2007, ಜುಲೈ 1. ಕರ್ನಾಟಕದಲ್ಲಿ ಸಾರಾಯಿ ಬಂದ್. ಪಾಕೀಟು ಸಾರಾಯಿ ಹೋಯಿತು, ನಿಜ. ಆದರೆ ವಿಸ್ಕಿ, ರಮ್ಮು, ಬ್ರಾಂದಿ ಉಳಿದವು. ಅಗ್ಗದ ಮಾಲು 90 ಎಂ.ಎಲ್. ಪೊಟ್ಟಣದಲ್ಲಿ ಬಂತು. ಲೈಸೆನ್ಸ್ ಅಂಗಡಿ ಇಲ್ಲದ ಹಳ್ಳಿಗೂ ಅದು ಚೀಲದಲ್ಲಿ ಬರುತ್ತದೆ, ಗೂಡಂಗಡಿಯಲ್ಲಿ ಹೆಚ್ಚಿನ ರೇಟಿಗೆ ಮಾರಾಟವಾಗುತ್ತದೆ. ಕೂಲಿಯವನು ಅದೇ ಅಮಲಿಗೆ ಮೊದಲಿಗಿಂತ ಹೆಚ್ಚು ದುಡ್ಡು ತೆರುತ್ತಾನೆ. ನಿಷೇಧದ ಸೋಲಿನ ತಿರುಳು ಇಲ್ಲೇ ಇದೆ. ಒಂದು ಸರಕು ನಿಂತಿತು, ವ್ಯಾಪಾರ ನಡೆಯುತ್ತಲೇ ಇದೆ. ಸರ್ಕಾರದ್ದೇ ಸಂಸ್ಥೆ ಎಂಎಸ್‌ಐಎಲ್ ಮದ್ಯದಂಗಡಿ ನಡೆಸುತ್ತದೆ. ಅಬಕಾರಿ ಇಲಾಖೆಗೆ ವರ್ಷವರ್ಷವೂ ಆದಾಯದ ಗುರಿ ಕೊಡುತ್ತಾರೆ.

ದಾಳಿ, ಜಪ್ತಿ, ಕೇಸು ಎಲ್ಲರೂ ತೋರಿಸುತ್ತಾರೆ. ಕ್ಯಾಮೆರಾ ಹೆಣ್ಣುಮಕ್ಕಳ ಕಡೆ ತಿರುಗಲಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರ ಬೇಡಿಕೆಯನ್ನೂ ನಿಷೇಧ ಸೋತ ಚರಿತ್ರೆಯನ್ನೂ ಒಂದೇ ಚಿತ್ರದಲ್ಲಿ ಇಡೋದು ಕಷ್ಟ. ಆದರೂ ಇಡಲೇಬೇಕು. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ತಾಯಂದಿರನ್ನು ಕೇಳಿ: ಸಾರಾಯಿ ನಿಂತ ಮೇಲೆ ಮನೆ ಸೇರುವ ಕೂಲಿ ದುಡ್ಡು ಹೆಚ್ಚಾಯಿತಾ?