ನಿಮಗಿದು ಗೊತ್ತೇ? ಹೊಸ ಕಾರಿನಲ್ಲಿ ಅಜ್ಜನ ಕಾಲದ ರೇಡಿಯೊ!

ಎರಡು ನಾಬ್, ನಡುವೆ ಒಂದು ಮುಳ್ಳು. ಇಂಥ ಹಳೇ ರೇಡಿಯೊವನ್ನು ಈಗಿನ ಕಾರಿಗೆ ಕೂರಿಸುವ ಹುಚ್ಚು ಕೆಲವರಿಗಿದೆ. ಅದೇನು ಮಹಾ, ನಾಲ್ಕು ಸ್ಕ್ರೂ ಬಿಗಿದರೆ ಆಯಿತು ಅಂದಿರಾ? ತಾಳಿ, ಮೊದಲು ಇದನ್ನು ಓದಿ!

1930ರಲ್ಲಿ ಅಮೆರಿಕದ ಉದ್ಯಮಿ ಪಾಲ್ ಗಾಲ್ವಿನ್ ತಮ್ಮ ಸ್ಟುಡ್‌ಬೇಕರ್ ಕಾರಿಗೆ ರೇಡಿಯೊ ಹಾಕಿಸಿ, ಷಿಕಾಗೊದಿಂದ ಅಟ್ಲಾಂಟಿಕ್ ಸಿಟಿಯ ರೇಡಿಯೊ ಸಮಾವೇಶಕ್ಕೆ ಹೊರಟರು. ಅಲ್ಲಿ ಅವರಿಗೆ ಮಳಿಗೆಯೇ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ವಾಲ್ಯೂಮ್ ಏರಿಸಿದರು. ಆರ್ಡರ್‌ಗಳು ಬಂದೇ ಬಂದವು! ಆ ರೇಡಿಯೊದ ಹೆಸರು? ಮೋಟರೋಲಾ!

ಸ್ಟೀರಿಂಗ್ ಹತ್ತಿರವೇ ರೇಡಿಯೊ ಕಂಟ್ರೋಲ್ ಇರುವುದು ಹೊಸ ಕಾರಿನ ಜಂಬ ಅಂದುಕೊಂಡಿದ್ದೀರಾ? 1932ರಲ್ಲೇ ಬಂದಿತ್ತು! ಜರ್ಮನಿಯ ಬ್ಲೌಪಂಕ್ಟ್ ರೇಡಿಯೊ ಸುಮಾರು 15 ಕಿಲೊ ತೂಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಿಡಿಸದ ಆ ಪೆಟ್ಟಿಗೆಯನ್ನು ಬೇರೆಡೆ ಇಟ್ಟು, ಸ್ಟೀರಿಂಗ್ ಕಂಬಕ್ಕೆ ಕಂಟ್ರೋಲ್ ಕಟ್ಟಿದರು. ಬೆಲೆ 465 ಮಾರ್ಕ್. ಅಂದರೆ ಕಾರಿನ ಬೆಲೆಯ ಸುಮಾರು ಮೂರನೇ ಒಂದು ಪಾಲು!

ಅಮೆರಿಕದ ಬಹುತೇಕ ಕಾರುಗಳ ಬ್ಯಾಟರಿ 1950ರ ದಶಕದ ನಡುವಿನವರೆಗೂ ಬರೀ 6 ವೋಲ್ಟ್! ಆ ಕಾಲದ ರೇಡಿಯೊಗೆ ಇಂದಿನ 12 ವೋಲ್ಟ್ ನೇರವಾಗಿ ಕೊಟ್ಟಿರೋ, ಒಳಗೆ ಬಲ್ಬಿನಂತಿರುವ ವಾಲ್ವ್‌ಗಳ ಕಥೆ ಮುಗಿದಂತೆಯೇ. ನಡುವೆ ವೋಲ್ಟೇಜ್ ಇಳಿಸುವ ಸಾಧನ ಬೇಕೇ ಬೇಕು.

ಇನ್ನೂ ತಮಾಷೆ ಕೇಳಿ. ಆ ವಾಲ್ವ್‌ಗಳು ಹಾಡಲು 200 ವೋಲ್ಟ್ ಆಸುಪಾಸು ಬೇಕು! 6 ವೋಲ್ಟಿನಿಂದ ಅಷ್ಟೊಂದು ಬರುವುದು ಹೇಗೆ? ಒಳಗೊಂದು ಪುಟ್ಟ ಡಬ್ಬಿ. ಅದರಲ್ಲಿ ಒಂದು ಲೋಹದ ಪಟ್ಟಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿ ವಿದ್ಯುತ್ತನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತದೆ. ಇದಕ್ಕೆ ವೈಬ್ರೇಟರ್ ಎಂದು ಹೆಸರು. ಸ್ವಿಚ್ ಹಾಕಿದರೆ ಮೊದಲು ಜೇನುಹುಳದಂತೆ ಗುಂಯ್‌ ಸದ್ದು, ವಾಲ್ವ್ ಬಿಸಿಯಾದ ಮೇಲಷ್ಟೇ ಹಾಡು!

ಬ್ರಿಟನ್ನಿನ ಅನೇಕ ಕಾರುಗಳಲ್ಲಿ 1960ರ ದಶಕದವರೆಗೂ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು! ಈಗಿನ ಕಾರುಗಳಲ್ಲಿ ಮೈಗೆ ಮೈನಸ್. ಆ ಕಾಲದ ರೇಡಿಯೊವನ್ನು ಹಾಗೇ ಹೊಸ ಕಾರಿನ ಲೋಹಕ್ಕೆ ಬಿಗಿದು ವೈರ್ ಕೊಟ್ಟರೆ ಪ್ಲಸ್-ಮೈನಸ್ ಅದಲುಬದಲು. ಹಾಡಿಗೆ ಮುಂಚೆ ರೇಡಿಯೊವೇ ಕೆಡಬಹುದು!

ಹೊಸ ರೇಡಿಯೊಗೆ ಸ್ಟೇಷನ್‌ಗಳನ್ನು ಮರೆಯದಿರಲು ಸದಾ ಕರೆಂಟ್ ಇರುವ ಇನ್ನೊಂದು ವೈರ್ ಬೇಕು. ಹಳೇದಕ್ಕೆ ಅದರ ಹಂಗೇ ಇಲ್ಲ! ಬೇಕಾದ ಸ್ಟೇಷನ್ ಹಿಡಿಯಿರಿ, ಗುಂಡಿಯನ್ನು ಹೊರಕ್ಕೆ ಎಳೆಯಿರಿ, ಪೂರ್ತಿ ಒಳಕ್ಕೆ ಒತ್ತಿ. ಅಷ್ಟೇ. ಮುಂದೆ ಆ ಗುಂಡಿ ಒತ್ತಿದಾಗಲೆಲ್ಲ ಮುಳ್ಳು ಟಕ್ಕನೆ ಅಲ್ಲಿಗೇ ಓಡುತ್ತದೆ. ಬ್ಯಾಟರಿ ಬಿಚ್ಚಿಟ್ಟರೂ ನೆನಪು ಹೋಗದು!

ಹೊಸ ಕಾರಿನ ಚಾವಣಿಯ ಮೇಲೆ ಶಾರ್ಕ್ ರೆಕ್ಕೆಯ ಆಕಾರದ ಆಂಟೆನಾ ನೋಡಿದ್ದೀರಲ್ಲ? ಅದರೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಕೊಡುವುದು ಹೊಸ ರೇಡಿಯೊ. ಹಳೇ ರೇಡಿಯೊಗೆ ಆ ಅಭ್ಯಾಸವೇ ಇಲ್ಲ! ಬೇರೆ ವೈರ್ ಎಳೆದು ಕರೆಂಟ್ ಕೊಡದಿದ್ದರೆ ಬರೀ ಗೊರಗೊರ.

ಹಳೇ ಮುಳ್ಳಿನ ತಾಕತ್ತು ನೋಡಿ! ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಸ್ಥಾನ 612 ಕಿಲೋಹರ್ಟ್ಸ್. ಅಮೆರಿಕಕ್ಕೆಂದೇ ತಯಾರಾದ ಡಿಜಿಟಲ್ ರೇಡಿಯೊ 610 ಆದ ಮೇಲೆ 620ಕ್ಕೇ ಹಾರುತ್ತದೆ, 612ರ ಮೇಲೆ ಸರಿಯಾಗಿ ನಿಲ್ಲದು. ಮುಳ್ಳಿನ ರೇಡಿಯೊ ಎಲ್ಲಿ ಬೇಕೋ ಅಲ್ಲೇ ನಿಲ್ಲುತ್ತದೆ!

ಜಪಾನಿಗೆಂದು ತಯಾರಾದ ಹಳೇ ಕಾರ್ ರೇಡಿಯೊ ತಂದಿರಾ? ಅದರ ಎಫ್‌ಎಂ ಸಾಮಾನ್ಯವಾಗಿ 90ಕ್ಕೇ ಮುಗಿಯುತ್ತದೆ. ಬೆಂಗಳೂರಿನ ವಿವಿಧ ಭಾರತಿ ಇರುವುದು 102.9ರಲ್ಲಿ. ಎಷ್ಟು ತಿರುಗಿಸಿದರೂ ಸಿಗದು!

1950ರ ದಶಕದ ಅಮೆರಿಕನ್ ರೇಡಿಯೊಗಳಲ್ಲಿ 640 ಮತ್ತು 1240 ಕಿಲೋಹರ್ಟ್ಸ್ ಬಳಿ ಎರಡು ಪುಟ್ಟ ತ್ರಿಕೋನಗಳಿವೆ. ಅಲಂಕಾರವಲ್ಲ! ಶತ್ರುಗಳು ಬಾಂಬ್ ಹಾಕಲು ಬಂದರೆ ಜನ ಯಾವ ಸ್ಟೇಷನ್ ಕೇಳಬೇಕೆಂದು ತೋರಿಸುವ ಸರ್ಕಾರಿ ಗುರುತು. 1963ರಲ್ಲಿ ಆ ವ್ಯವಸ್ಥೆಯೇ ಹೋಯಿತು, ತ್ರಿಕೋನ ಮಾತ್ರ ಉಳಿಯಿತು!

ಎಲೆಕ್ಟ್ರಿಕ್ ಕಾರಿಗೂ ಎಎಂ ರೇಡಿಯೊಗೂ ಆಗಿಬರುವುದಿಲ್ಲ. ಮೋಟಾರಿಗೆ ಕರೆಂಟ್ ಹಾಯಿಸುವ ಸರ್ಕ್ಯೂಟ್‌ಗಳ ಗದ್ದಲ ಹಾಡಿನೊಳಗೆ ನುಗ್ಗುತ್ತದೆ. ಇದೇ ಕಾರಣ ಕೊಟ್ಟು ಕೆಲವು ಕಂಪನಿಗಳು ಎಎಂ ಅನ್ನೇ ಕೈಬಿಟ್ಟಿವೆ!

ನಮ್ಮ ದೇಶದಲ್ಲಿ 1980ರ ದಶಕದವರೆಗೂ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅದಕ್ಕೆ ಹಣ ಕಟ್ಟುತ್ತಿದ್ದುದು ಅಂಚೆ ಕಚೇರಿಯಲ್ಲಿ!

ವೋಲ್ಟು, ವೈರು ಎಂಬ ಇಷ್ಟೆಲ್ಲ ರಗಳೆ ಬೇಡವೇ? ಹಳೇ ಪೆಟ್ಟಿಗೆಯೊಳಗೆ ಹೊಸ ಬ್ಲೂಟೂತ್ ಸರ್ಕ್ಯೂಟ್ ಕೂರಿಸುವವರಿದ್ದಾರೆ. ಅದೇ ನಾಬ್ ತಿರುಗಿಸಿ, ಮೊಬೈಲಿನ ಹಾಡು ಕೇಳಿ!

ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ರೇಡಿಯೊ ಇದೆಯೇ? ಗುಜರಿಗೆ ಹಾಕಬೇಡಿ. ವೈರ್ ಜೋಡಿಸುವ ಮುನ್ನ ಮಾತ್ರ ಅದು ಎಷ್ಟು ವೋಲ್ಟಿನದು, ಕಾರಿನ ಮೈಗೆ ಬರುವುದು ಪ್ಲಸ್ಸೋ ಮೈನಸ್ಸೋ ಎಂದು ಬಲ್ಲವರಿಂದ ನೋಡಿಸಿಕೊಳ್ಳಿ!