ಆಸ್ಪತ್ರೆ ಬಿಲ್ ಸೊನ್ನೆ, ಆದರೂ ಖರ್ಚು 3,800 ರೂಪಾಯಿ

ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಕಳೆದ ವರ್ಷ ಅವರ ನಾಲ್ಕು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಖಾಲೂ ಪೇಂಟಿಂಗ್ ಕೆಲಸ ಮಾಡುತ್ತಾರೆ, ದಿನಕ್ಕೆ 800 ರೂಪಾಯಿ ಕೂಲಿ. ಬಿಪಿಎಲ್ ಕಾರ್ಡ್ ಇದ್ದುದರಿಂದ ಬೆಂಗಳೂರಿನಲ್ಲಿ ಚಿಕಿತ್ಸೆ ಸರ್ಕಾರಿ ಯೋಜನೆಯಡಿ ಶುರುವಾಯಿತು. ಇನ್ನು ದುಡ್ಡಿನ ಚಿಂತೆ ಇಲ್ಲ ಎಂದು ನಾವೆಲ್ಲ ಅಂದುಕೊಂಡೆವು.

ಅದು ತಪ್ಪು ಲೆಕ್ಕ ಎಂದು ನನಗೆ ತಿಳಿದದ್ದು ಖಾಲಾ ಮನೆಯ ಖರ್ಚು ಬರೆಯಲು ಒಂದು ನೋಟ್‌ಬುಕ್ ಇಟ್ಟ ಮೇಲೆ. ದಾವಣಗೆರೆಯಿಂದ ಬೆಂಗಳೂರಿಗೆ ಒಂದು ಸಲ ಹೋಗಿಬಂದ ಲೆಕ್ಕ ಹೀಗಿತ್ತು. ಆಸ್ಪತ್ರೆ ಬಿಲ್: ಸೊನ್ನೆ. ಶಕ್ತಿ ಯೋಜನೆ ಇರುವುದರಿಂದ ಖಾಲಾ ಟಿಕೆಟ್: ಸೊನ್ನೆ. ಆರು ವರ್ಷ ತುಂಬದ ಮಗುವಿಗೂ ಟಿಕೆಟ್ ಇಲ್ಲ. ಖಾಲೂ ಬಸ್ ಟಿಕೆಟ್ ಎರಡೂ ಕಡೆ ಸೇರಿ 700. ಆಟೋ 400. ಊಟ, ಹಾಲು, ನೀರು 600. ಹೊರಗಿನ ಅಂಗಡಿಯಲ್ಲಿ ತಂದ ಔಷಧಿ 500. ಎರಡು ದಿನ ಕೆಲಸ ತಪ್ಪಿದ್ದರಿಂದ ಹೋದ ಕೂಲಿ 1,600. ಒಟ್ಟು 3,800 ರೂಪಾಯಿ.

ವಾರಕ್ಕೊಮ್ಮೆ ಹೋಗಬೇಕಾಗಿದ್ದ ದಿನಗಳಲ್ಲಿ ಇದು ತಿಂಗಳಿಗೆ 15,200 ಆಯಿತು. ಖಾಲೂ ಒಂದು ದಿನವೂ ತಪ್ಪದೆ 26 ದಿನ ದುಡಿದರೂ ಸಿಗುವುದು 20,800. ಮನೆ ಬಾಡಿಗೆ 4,000 ಕಳೆದರೆ ಉಳಿಯುವುದು 1,600. ಅದರಲ್ಲೇ ರೇಷನ್, ಗ್ಯಾಸ್, ಕರೆಂಟ್ ಮತ್ತು ದೊಡ್ಡ ಮಗಳ ಶಾಲೆ.

ಪ್ರತ್ಯಕ್ಷ ವೆಚ್ಚ, ಪರೋಕ್ಷ ವೆಚ್ಚ ಎಂದು ನಾವು ಕಾಮರ್ಸ್ ತರಗತಿಯಲ್ಲಿ ಓದುತ್ತೇವೆ. ಆಸ್ಪತ್ರೆಯ ಬಿಲ್ ಪ್ರತ್ಯಕ್ಷ ವೆಚ್ಚ, ಅದು ಎಲ್ಲರಿಗೂ ಕಾಣುತ್ತದೆ. ಬಸ್, ಊಟ, ತಪ್ಪಿದ ಕೂಲಿ ಪರೋಕ್ಷ ವೆಚ್ಚ. ಅದಕ್ಕೆ ರಸೀದಿ ಇಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಆದರೆ ಮನೆ ಮುಳುಗುವುದು ಅದರಿಂದಲೇ.

ಇದರಲ್ಲಿ ಸಮಯವೂ ಮುಖ್ಯ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಕಠಿಣ. ನಂತರ ಮಗು ಆಟ ಆಡುತ್ತದೆ, ಕೂದಲು ಬೆಳೆಯುತ್ತದೆ, ಆದರೂ ಮಾತ್ರೆ ಮತ್ತು ತಪಾಸಣೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ರೋಗ ಮತ್ತೆ ಬರುವ ಅಪಾಯ ಹೆಚ್ಚುತ್ತದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ಮನೆಗಳಲ್ಲಿ ಮಗುವನ್ನು ಸೋಲಿಸುವುದು ಎಷ್ಟೋ ಸಲ ಅರ್ಧಕ್ಕೆ ನಿಂತ ಚಿಕಿತ್ಸೆ. ನಮ್ಮ ಖಾಲಾ ಕೂಡ ಒಂದು ದಿನ, "ಮಗು ಚೆನ್ನಾಗೇ ಇದ್ದಾನಲ್ಲ, ಈ ತಿಂಗಳು ಬೇಡ, ಮುಂದಿನ ತಿಂಗಳು ಹೋಗೋಣ" ಎಂದರು. ಆ ಮಾತಿಗೆ ಕಾರಣ ಬಸ್ ಚಾರ್ಜ್.

ಸಿಗುವ ಸಹಾಯಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಹೊರ ಊರಿನಿಂದ ಬಂದವರು ಉಳಿಯಲು ಅಲ್ಲಿ ಧರ್ಮಶಾಲೆ ಇದೆ.

ಯೋಜನೆಯ ಹಣ ಸಾಲದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಮತ್ತು ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಇದಕ್ಕೆ ಆಸ್ಪತ್ರೆ ಕೊಡುವ ಅಂದಾಜು ವೆಚ್ಚದ ಪತ್ರ ಮತ್ತು ಆದಾಯ ಪ್ರಮಾಣಪತ್ರ ಬೇಕು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ. ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ಫಾರಂ ಅನ್ನು ಟಿಕೆಟ್ ಕೌಂಟರ್‌ನಲ್ಲಿ ಕೊಡಬೇಕು. ನಮಗೆ ಇದು ಗೊತ್ತಾದದ್ದು ಐದು ತಿಂಗಳಾದ ಮೇಲೆ.

ಅವಸರದ ಸಾಲದ ಬಗ್ಗೆ ಒಂದು ಮಾತು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕಡಿಮೆ ಎನಿಸುತ್ತದೆ. ವರ್ಷಕ್ಕೆ ಅದು ಶೇಕಡಾ 36. 50,000 ಸಾಲಕ್ಕೆ ಬಡ್ಡಿಯೇ 18,000, ಅಸಲು ಹಾಗೇ ಇರುತ್ತದೆ. ಬಂಧುಗಳು ಬಡ್ಡಿಯಿಲ್ಲದೆ ಕೈಸಾಲ ಕೊಟ್ಟರೆ ಅದೇ ದೊಡ್ಡ ಉಪಕಾರ.

ನಾವು ಏನು ಮಾಡಬಹುದು?

ಮೊದಲನೆಯದು, ಒಂದು ಫೈಲ್. ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ವೈದ್ಯರ ಚೀಟಿ, ಎಲ್ಲದರ ಎರಡೆರಡು ಜೆರಾಕ್ಸ್. ನನ್ನ ತಮ್ಮನ ಹೆಸರಿನ ಸ್ಪೆಲಿಂಗ್ ಎರಡು ದಾಖಲೆಗಳಲ್ಲಿ ಬೇರೆ ಬೇರೆ ಇತ್ತು, ಅದಕ್ಕೇ ಎರಡು ಸಲ ಓಡಾಡಬೇಕಾಯಿತು. ಖಾಲಾಗೆ ಉರ್ದು ಮಾತ್ರ ಓದಲು ಬರುತ್ತದೆ, ಫಾರಂಗಳು ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಇರುತ್ತವೆ. ಪಿಯುಸಿ ಓದುವ ನಾವು ಇಷ್ಟು ಮಾಡಬಹುದು, ಇದಕ್ಕೆ ದುಡ್ಡು ಬೇಕಾಗಿಲ್ಲ.

ಎರಡನೆಯದು, ಒಂದೇ ಸಲದ ಚಂದಾ ಬದಲು ತಿಂಗಳ ಸಹಾಯ. ರೋಗದ ಸುದ್ದಿ ತಿಳಿದಾಗ ಎಲ್ಲರೂ ಕೊಡುತ್ತಾರೆ. ರಂಜಾನ್‌ನಲ್ಲಿ ಜಕಾತ್ ಕೂಡ ಬರುತ್ತದೆ. ಆದರೆ ಹತ್ತನೇ ತಿಂಗಳಲ್ಲಿ ಯಾರೂ ಬರುವುದಿಲ್ಲ. ಒಮ್ಮೆಗೆ ಬಂದ 30,000 ಎಂಟು ಸಲ ಹೋಗಿಬರುವುದರೊಳಗೆ ಮುಗಿಯುತ್ತದೆ. ಹತ್ತು ಮನೆಯವರು ತಿಂಗಳಿಗೆ 300ರಂತೆ ಕೊಟ್ಟರೆ ಎರಡು ವರ್ಷಕ್ಕೆ 72,000 ಆಗುತ್ತದೆ. ಹಣ ನೇರವಾಗಿ ತಂದೆ ಅಥವಾ ತಾಯಿಯ ಖಾತೆಗೆ ಹೋಗಲಿ.

ಮೂರನೆಯದು, ತುರ್ತು ಹಣ. ಕಿಮೋ ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಗಾಡಿ ಬಾಡಿಗೆಯಷ್ಟು ದುಡ್ಡು ಮನೆಯಲ್ಲಿ ಯಾವಾಗಲೂ ಬೇರೆ ಇಟ್ಟಿರಬೇಕು.

ನಾಲ್ಕನೆಯದು, ಮರ್ಯಾದೆ. ಕೂದಲು ಉದುರಿದ ಮಗುವಿನ ಫೋಟೋವನ್ನು ಸ್ಟೇಟಸ್‌ಗೆ ಹಾಕಿ ದುಡ್ಡು ಕೇಳಬಾರದು. ನಾಳೆ ಆ ಮಗು ಇದೇ ಊರಿನ ಶಾಲೆಗೆ ಹೋಗಬೇಕು. ಈ ಲೇಖನವನ್ನೂ ನಾನು ಖಾಲಾಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಕೊಟ್ಟಿದ್ದೇನೆ.

ಆ ತಿಂಗಳು ಖಾಲಾ "ಬೇಡ" ಎಂದಾಗ ಅಮ್ಮಿ, ಮಾಮು ಮತ್ತು ಪಕ್ಕದ ಮನೆಯ ಗಿರಿಜಮ್ಮ ಆಂಟಿ ಸೇರಿ ಟಿಕೆಟ್ ಮತ್ತು ಊಟದ ಖರ್ಚು ಹಂಚಿಕೊಂಡರು. ತಮ್ಮ ತಪಾಸಣೆಗೆ ಹೋಗಿಬಂದ. ಈಗಲೂ ಪ್ರತಿ ತಿಂಗಳು ಹೋಗುತ್ತಿದ್ದಾನೆ. ಚಿಕಿತ್ಸೆ ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬೇಕು.

ನಿಮ್ಮ ಬೀದಿಯಲ್ಲೂ ಇಂಥ ಮನೆ ಇರಬಹುದು. ಅಲ್ಲಿಗೆ ಹೋದಾಗ "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಯಾರೂ ಹೇಳುವುದಿಲ್ಲ. "ಮುಂದಿನ ಸಲ ಯಾವಾಗ ಹೋಗ್ತೀರಿ? ಟಿಕೆಟ್ ನಾವು ಮಾಡಿಸ್ತೀವಿ" ಎನ್ನಿ.