ಯಂತ್ರದ ಕೈ, ಮನುಷ್ಯನ ಕೈ

ಬಹುದಿನ ಕೈಬಿಟ್ಟ ವಿದ್ಯೆಯು ಬೇಕಾದ ಸಮಯದಲ್ಲಿ ಕೈಕೊಡುವುದೆಂಬುದು ಲೋಕಾನುಭವ. ಮುನ್ನೂರು ಜನರ ಪ್ರಾಣಗಳನ್ನು ಹೊತ್ತು ಸಂಚರಿಸುವ ವಿಮಾನಚಾಲಕನಿಗೂ ಈ ಮಾತು ಸಲ್ಲುವುದು. ಇಂದಿನ ವಿಮಾನಗಳನ್ನು ದಾರಿಯ ಬಹುಭಾಗದಲ್ಲಿ ನಡೆಸತಕ್ಕುದು ಆಟೋಪೈಲಟ್ ಎಂಬ ಸ್ವಯಂಚಾಲಕ ಯಂತ್ರವೇ. ನಿಲ್ದಾಣಕ್ಕೆ ಇಳಿದುಬರುವಾಗ ಅದನ್ನು ಎಲ್ಲಿಯವರೆಗೆ ನಂಬಬೇಕು, ಚಾಲಕನು ಯಾವಾಗ ತಾನೇ ಚುಕ್ಕಾಣಿ ಹಿಡಿಯಬೇಕು ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದೆಹಲಿಯ ಚಳಿಗಾಲದಂತೆ ದಟ್ಟವಾದ ಮಂಜು ಕವಿದು ಕಣ್ಣು ಕೆಲಸಕ್ಕೆ ಬಾರದಿರುವಾಗ, ನೆಲದಿಂದ ಬರುವ ರೇಡಿಯೋ ಸಂಕೇತವನ್ನು ಹಿಡಿದು ವಿಮಾನವನ್ನು ನೆಲಮುಟ್ಟಿಸಬಲ್ಲುದು ಯಂತ್ರವೊಂದೇ. ಆದರೆ ಅಡ್ಡಗಾಳಿಯು ಯಂತ್ರಕ್ಕೆ ವಿಧಿಸಿದ ಮಿತಿಯನ್ನು ಮೀರಿದರೆ ಇಳಿಸುವ ಹೊಣೆ ಮನುಷ್ಯನ ಕೈಗೇ ಬರುವುದು. ಆ ಕೈ ಪಳಗಿರದಿದ್ದರೆ ಗತಿಯೇನು?

2013ನೆಯ ಇಸವಿ ಜುಲೈ 6ರಂದು ಏಷ್ಯಾನಾ ಸಂಸ್ಥೆಯ ಬೋಯಿಂಗ್ 777 ವಿಮಾನವು 307 ಜನರೊಡನೆ ಸೋಲ್ ನಗರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿತು. ಆಕಾಶವು ನಿರ್ಮಲವಾಗಿದ್ದಿತು, ಆದರೆ ಇಳಿಜಾರಿನ ದಾರಿಯನ್ನು ತೋರುವ ರೇಡಿಯೋ ಸಂಕೇತವು ಅಂದು ಇರಲಿಲ್ಲ. ಕಣ್ಣಿನಿಂದಲೇ ನೋಡಿ ಇಳಿಸಬೇಕಾಗಿದ್ದಿತು. ಚಾಲಕನು ಆಟೋಪೈಲಟನ್ನು ಬಿಡಿಸಿ ಎಂಜಿನ್ನುಗಳ ಬಲವನ್ನು ತಗ್ಗಿಸಿದನು. ವೇಗವನ್ನು ಕಾಯಲು ಇನ್ನೊಂದು ಸ್ವಯಂಚಾಲಿತ ಯಂತ್ರವಿದೆಯೆಂದು ನಂಬಿದ್ದನು. ಅದಾದರೋ ಆಗ ಸುಮ್ಮನಾಗಿದ್ದಿತು. 137 ನಾಟ್ ಇರಬೇಕಾಗಿದ್ದ ವೇಗವು 103ಕ್ಕೆ ಕುಸಿಯಿತು. ಪಕ್ಕದಲ್ಲಿ ಶಿಕ್ಷಕನೇ ಕುಳಿತಿದ್ದರೂ ವಿಮಾನವನ್ನು ಮೇಲೆತ್ತುವ ಯತ್ನವು ತಡವಾಯಿತು. ಬಾಲವು ಕಡಲ ತಡೆಗೋಡೆಗೆ ಬಡಿದು ಮುರಿಯಿತು. ಮೂವರು ಬಾಲಿಕೆಯರು ಮೃತರಾದರು. ಕೈಯಿಂದ ಹಾರಿಸುವುದಕ್ಕೆ ಆ ಸಂಸ್ಥೆಯು ಪ್ರೋತ್ಸಾಹ ಕೊಡುತ್ತಿರಲಿಲ್ಲವೆಂದು ಅಮೆರಿಕದ ತನಿಖಾ ಮಂಡಲಿಯು 2014ರಲ್ಲಿ ತಿಳಿಸಿತು. ಕೈಚಾಲನೆಯ ಅಭ್ಯಾಸವನ್ನು ಉಳಿಸಿಕೊಳ್ಳಿರೆಂದು ಆ ದೇಶದ ವಿಮಾನಯಾನ ಇಲಾಖೆಯು 2013ರ ಜನವರಿಯಲ್ಲಿಯೇ, ಅಂದರೆ ಅಪಘಾತಕ್ಕೆ ಆರು ತಿಂಗಳ ಮುಂಚೆಯೇ, ಸಂಸ್ಥೆಗಳಿಗೆ ಸೂಚಿಸಿದ್ದಿತು.

ಪ್ರಯಾಣಿಕರನ್ನು ಕೂರಿಸಿಕೊಂಡು ಅಭ್ಯಾಸ ಮಾಡುವುದು ತರವೇ, ಅದಕ್ಕೆ ಕೃತಕ ವಿಮಾನಗಳಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ವರ್ಷದಲ್ಲಿ ಕೆಲವೇ ಸಲ ದೊರೆಯುವ ಆ ಶಿಕ್ಷಣವೊಂದೇ ಸಾಲದು. ಹಾಗೆಂದು ಕತ್ತಲೆ, ಮಳೆ, ಆಯಾಸ, ವಿಮಾನಗಳ ದಟ್ಟಣೆ ಇವುಗಳ ನಡುವೆ ಶೌರ್ಯಪ್ರದರ್ಶನ ಮಾಡುವುದೂ ವಿವೇಕವಲ್ಲ. ಅಲ್ಲಿ ಯಂತ್ರವು ಭಾರವನ್ನು ಹೊರಲಿ, ಮನುಷ್ಯನು ಕಾವಲಿರಲಿ. ತಿಳಿಯಾದ ಹಗಲಿನಲ್ಲಿ, ದಟ್ಟಣೆಯಿಲ್ಲದ ನಿಲ್ದಾಣದಲ್ಲಿ, ಜೊತೆಗಾರನು ಎಚ್ಚರದಿಂದ ನೋಡುತ್ತಿರುವಾಗ ಚಾಲಕನು ಕೈಯಿಂದಲೇ ಇಳಿದುಬರಲಿ. ದಾರಿಯೋ ವೇಗವೋ ತಪ್ಪಿದರೆ ಸಂಕೋಚಪಡದೆ ಮತ್ತೆ ಮೇಲಕ್ಕೇರಲಿ.

ಯಾವ ಕ್ರಮವನ್ನು ಅನುಸರಿಸಿದರೂ ಒಂದು ನಿಯಮವು ಅಚಲವಾಗಿರತಕ್ಕುದು: ಈ ಕ್ಷಣದಲ್ಲಿ ವೇಗವನ್ನು ಕಾಯುತ್ತಿರುವವರು ಯಾರೆಂಬುದು ಚಾಲಕರಿಬ್ಬರಿಗೂ ನಿಸ್ಸಂದೇಹವಾಗಿ ತಿಳಿದಿರಬೇಕು. ಯಂತ್ರವು ತಾನಾಗಿ ಸುಮ್ಮನಾಗಬಹುದು. ಅದರ ಮೇಲೆ ಕಾವಲಿರುವವನು ಸುಮ್ಮನಿರಲಾಗದು. ಸಮಯದ ಉಳಿತಾಯವನ್ನೂ ಇಂಧನದ ಉಳಿತಾಯವನ್ನೂ ಲೆಕ್ಕವಿಡುವ ವಿಮಾನಸಂಸ್ಥೆಗಳು ತಮ್ಮ ಚಾಲಕರ ಕೈಗಳ ಅಭ್ಯಾಸವನ್ನೂ ಲೆಕ್ಕದಲ್ಲಿ ಸೇರಿಸುವುದು ಅತ್ಯವಶ್ಯವೆಂದು ನಮ್ಮ ಅಭಿಪ್ರಾಯ.